ಚೀಟಿ ಇಲ್ಲದ ಹೆಸರು

ಅವರ ಮೂಗಿನ ತುದಿಯಲ್ಲಿ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಒಂದು ಹನಿ ನಿಂತೇ ಇರುತ್ತಿತ್ತು. ಹೊಳೆಯುವ, ಕೊಂಚ ನಡುಗುವ, ಈಗ ಬಿತ್ತು ಆಗ ಬಿತ್ತು ಎನ್ನಿಸುವ ಹನಿ. ಇಂಗ್ಲೆಂಡಿನ ಲೀಡ್ಸ್ ಊರಿನ ಹೆಡಿಂಗ್ಲೀ ಲೈಬ್ರರಿಯ ಮಹಡಿಯ ಕೋಣೆಯಲ್ಲಿ ಶನಿವಾರ ಬೆಳಿಗ್ಗೆ ಇಟಾಲಿಯನ್ ಕಲಿಯಲು ಕೂತ ನಾವು ಒಂಬತ್ತು ಜನ ಪಾಠ ಬಿಟ್ಟು ಆ ಹನಿಯನ್ನೇ ನೋಡುತ್ತಿದ್ದೆವು. ಅದು ಇನ್ನೇನು ಮೇಜಿನ ಮೇಲೆ ಬೀಳಬೇಕು, ಅಷ್ಟರಲ್ಲಿ ಸ್ವೆಟರಿನ ತೋಳಿನೊಳಗೆ ತುರುಕಿದ್ದ ಕರವಸ್ತ್ರ ಹೊರಬಂದು ಅದನ್ನು ಹಿಡಿಯುತ್ತಿತ್ತು. ಆಮೇಲೆ ಅದೇ ಕರವಸ್ತ್ರದಲ್ಲಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ. ಎಂಜಲು, ಮುಸುರೆ ಎಂದು ದಿನಕ್ಕೆ ಹತ್ತು ಸಲ ಕೈ ತೊಳೆಸುತ್ತಿದ್ದ ಮೈಸೂರಿನ ಮನೆಯಲ್ಲಿ ಬೆಳೆದವಳು ನಾನು. ಹೇಸಿಗೆ ನನಗೆ ಬೇಗ ಬರುತ್ತದೆ. ನಿಜವಾಗಿ ಹೇಸಬೇಕಾದದ್ದು ಯಾವುದಕ್ಕೆ ಎನ್ನುವುದು ಮಾತ್ರ ತಡವಾಗಿ ತಿಳಿಯಿತು.

ಮನಸ್ಸಿನಲ್ಲಿ ಅವರು ಮೊದಲ ದಿನದಿಂದಲೂ ನನಗೆ ಮೇಷ್ಟ್ರು. ಎದುರಿಗೆ ‘ಸರ್’ ಎನ್ನುತ್ತಿದ್ದೆ. “ರಾಣಿ ನನಗೆ ಇನ್ನೂ ಆ ಬಿರುದು ಕೊಟ್ಟಿಲ್ಲ ಸಿನ್ಯೋರಾ. ಕೊಡೋ ಲಕ್ಷಣವೂ ಕಾಣ್ತಿಲ್ಲ” ಎಂದು ಪ್ರತಿ ಸಲವೂ ಹೇಳುತ್ತಿದ್ದರು. ನಮ್ಮ ಮಾತೆಲ್ಲ ನಡೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. ನೆನಪಿನಲ್ಲಿ ಅದು ಯಾಕೋ ಕನ್ನಡವಾಗಿ ಉಳಿದುಬಿಟ್ಟಿದೆ, ಹಾಗೇ ಬರೆಯುತ್ತೇನೆ. ಇಟಲಿಯಿಂದ ಬಂದು ನೆಲೆಸಿದವರ ಮಗ, ಆಗ ಅವರಿಗೆ ಎಂಬತ್ತರ ಹತ್ತಿರ ವಯಸ್ಸು. ಲೀಡ್ಸಿನ ಒಂದು ಶಾಲೆಯಲ್ಲಿ ಫ್ರೆಂಚ್, ಇಟಾಲಿಯನ್ ಕಲಿಸಿ ನಿವೃತ್ತರಾಗಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ವಿದ್ಯಾರ್ಥಿಗಳು ಬಾಡಿಗೆಗಿರುವ ಸಾಲುಮನೆಗಳ ನಡುವೆ ಒಂದರಲ್ಲಿ ಒಬ್ಬರೇ ಇದ್ದರು. ನಾನು ತರಗತಿಗೆ ಸೇರಿದ್ದು ವೆನಿಸ್ ನೋಡುವ ಆಸೆಯಿಂದ. ನನ್ನ ಗಂಡ ಆಸ್ಪತ್ರೆಯ ಡಾಕ್ಟರು. ಅವರ ಡ್ಯೂಟಿಯ ರೋಟಾ ನೋಡಿಕೊಂಡು ರಜೆ ಹೊಂದಿಸುವಷ್ಟರಲ್ಲಿ ಎರಡು ವರ್ಷ ಕಳೆದವು. ವೆನಿಸ್ ಇವತ್ತಿಗೂ ನೋಡಿಲ್ಲ.

ಮೇಷ್ಟ್ರು ಮೊದಲ ಅರ್ಧ ಗಂಟೆ ಭಾಷೆ ಕಲಿಸುತ್ತಿದ್ದರು. ಉಳಿದ ಹೊತ್ತು ಚೀಟಿಗಳದ್ದು. ಕಾರ್ನ್‌ಫ್ಲೇಕ್ಸ್ ಡಬ್ಬಗಳನ್ನು ಅಂಗೈ ಅಗಲಕ್ಕೆ ಕತ್ತರಿಸಿ, ಒಳಗಿನ ಬೂದು ಮೈಯ ಮೇಲೆ ಪೆನ್ಸಿಲಿನಲ್ಲಿ ಮೂರು ಸಾಲು ಬರೆಯುತ್ತಿದ್ದರು. ಮೊದಲ ಸಾಲು ಇಟಲಿಯ ಯಾವುದೋ ಸೀಮೆಯ ಜನರ ಅಥವಾ ಅವರ ನುಡಿಯ ಹೆಸರು. ಎರಡನೆಯದು ಅದು ಇಂಗ್ಲಿಷ್ ಅಚ್ಚಿನಲ್ಲಿ ಅವರಿಗೆ ಸಿಕ್ಕ ಅತಿ ಹಳೆಯ ಜಾಗ. ಮೂರನೆಯದು ಅದನ್ನು ಸಮುದ್ರ ದಾಟಿಸಿದವರು ಯಾರು ಎನ್ನುವುದು: ನಾವಿಕ, ಬಟ್ಟೆ ವ್ಯಾಪಾರಿ, ಅಡುಗೆಯವ, ಸಿಪಾಯಿ, ಪ್ರವಾಸಿ. ಶೂ ಡಬ್ಬಿಗಳ ತುಂಬ ಇಂಥ ಚೀಟಿಗಳು. ಯಾರೂ ಕೇಳಿರಲಿಲ್ಲ, ಯಾರೂ ಅಚ್ಚು ಹಾಕಿಸುತ್ತೇವೆ ಎಂದಿರಲಿಲ್ಲ. ಹೆಂಡತಿ ಬದುಕಿದ್ದಾಗ ಊಟದ ಮೇಜಿನ ಅರ್ಧ ಭಾಗ ಮಾತ್ರ ಇವಕ್ಕೆ ಸಿಗುತ್ತಿತ್ತಂತೆ, ಆಮೇಲೆ ಇಡೀ ಮೇಜು ಸಿಕ್ಕಿತು.

“ಹೆಸರು ತಾನಾಗಿ ಈಜಿಕೊಂಡು ಬರಲ್ಲ” ಎನ್ನುತ್ತಿದ್ದರು. “ಯಾರೋ ಹೊತ್ತು ತರಬೇಕು. ಹೊತ್ತು ತಂದವರು ಯಾರು ಅನ್ನೋದರ ಮೇಲೆ ಅದಕ್ಕೆ ಇಲ್ಲಿ ಮರ್ಯಾದೆ.” ಬಡ್ಡಿ ವ್ಯಾಪಾರ ಮಾಡಲು ಬಂದ ಲೊಂಬಾರ್ಡರ ಹೆಸರು ಬಹಳ ಬೇಗ ಬಂತು, ಎಷ್ಟರಮಟ್ಟಿಗೆ ಎಂದರೆ ಗಿರವಿ ಅಂಗಡಿಯವರೆಲ್ಲ ಇಂಗ್ಲಿಷರ ಬಾಯಲ್ಲಿ ಲೊಂಬಾರ್ಡರಾದರು. ಜೆನೋವಾದವರ ಹೆಸರು ಹಡಗಿನ ಬಟ್ಟೆಯ ಜೊತೆ ಬಂದು ಈಗ ನಾವೆಲ್ಲ ತೊಡುವ ಜೀನ್ಸ್ ಆಯಿತು. ಮಿಲಾನಿನ ಟೋಪಿ, ರಿಬ್ಬನ್ನು ಮಾರುವವರ ಹೆಸರು ಟೋಪಿ ಹೊಲಿಯುವ ಹೆಂಗಸರಿಗೆ ‘ಮಿಲಿನರ್’ ಎಂದು ಅಂಟಿಕೊಂಡಿತು. ಟಸ್ಕನಿಯ ಹೆಸರನ್ನು ತಂದವರು ಓದಿಕೊಂಡ ಸಾಹುಕಾರರ ಮಕ್ಕಳು, ಹಾಗಾಗಿ ಅದಕ್ಕೆ ಇವತ್ತಿಗೂ ಅತ್ತರಿನ ವಾಸನೆ. ನೇಪಲ್ಸಿನ ಸರದಿ ಬಂದಾಗ ಮೇಷ್ಟ್ರ ಮುಖ ಹುಳಿಯಾಗುತ್ತಿತ್ತು. “ನಮ್ಮ ಕಡೆಯ ಒಂದು ಊರಿನ ಜನರ ಹೆಸರನ್ನು ಇವರು ಮೊದಲು ಇಟ್ಟದ್ದು ಸೂಳೆಗೇರಿಯ ರೋಗಕ್ಕೆ. ಆಮೇಲೆ ಅದೇ ಹೆಸರನ್ನು ಮೂರು ಬಣ್ಣದ ಐಸ್‌ಕ್ರೀಮಿಗೆ ಇಟ್ಟು ಮಕ್ಕಳಿಗೆ ತಿನ್ನಿಸಿದರು. ಡಿಸ್‌-ಗಸ್ಟ್‌-ಟಿಂಗ್!” ಆ ಮಾತನ್ನು ಅವರು ಯಾವಾಗಲೂ ಮೂರು ತುಂಡು ಮಾಡಿ, ಒಂದೊಂದನ್ನೂ ಬೇರೆ ಬೇರೆಯಾಗಿ ಉಗಿಯುತ್ತಿದ್ದರು.

ಅಸಹ್ಯಪಡುವುದರಲ್ಲಿ ಅವರದ್ದೊಂದು ಸುಖವಿತ್ತು ಎಂದು ನನಗೆ ಗುಮಾನಿ. ಒಮ್ಮೆ ಟರ್ಮ್ ಮುಗಿದ ದಿನ ನಮ್ಮನ್ನೆಲ್ಲ ಕೆಫೆಗೆ ಕರೆದುಕೊಂಡು ಹೋದರು. ಮೆನುವಿನಲ್ಲಿ ‘ಸ್ಪ್ಯಾಗ್ ಬೋಲ್’ ಎಂದಿತ್ತು, ಸ್ಪಗೆಟ್ಟಿ ಬೊಲೊನೀಸಿಗೆ ಅಲ್ಲಿಯವರ ಮೊಟಕು. ಬಡಿಸುವ ಹುಡುಗಿಯನ್ನು ಕರೆದು, “ಇದನ್ನು ಮಾಡಿದವರು ಬೊಲೋನ್ಯಾದವರೋ?” ಎಂದು ಬಹಳ ವಿನಯದಿಂದ ಕೇಳಿದರು. “ಇಲ್ಲ ಲವ್, ಇಲ್ಲೇ ವೇಕ್‌ಫೀಲ್ಡಿನವರು” ಎಂದಳು, ಆ ಕಡೆಯವರು ಎಲ್ಲರನ್ನೂ ಕರೆಯುವ ಹಾಗೆ. ಮೇಷ್ಟ್ರು ಅದನ್ನೇ ತರಿಸಿಕೊಂಡರು. ಒಂದೊಂದು ತುತ್ತಿಗೂ ಡಿಸ್‌-ಗಸ್ಟ್‌-ಟಿಂಗ್ ಎನ್ನುತ್ತಲೇ ಪೂರ್ತಿ ತಿಂದು, ಬ್ರೆಡ್ಡಿನಲ್ಲಿ ತಟ್ಟೆ ಬಳಿದು, ಲೀಡ್ಸಿನ ಕಡೆಯ ಕಟುಕರ ಅಂಗಡಿಗಳಲ್ಲಿ ಸಿಗುವ ಪೊಲೊನಿ ಎಂಬ ಕೆಂಪು ಸಿಪ್ಪೆಯ ಸಾಸೇಜು ಕೂಡ ಬೊಲೋನ್ಯಾದ ಹೆಸರೇ ಕೆಟ್ಟು ಆದದ್ದಂತೆ ಎಂದು ವಿವರಿಸಿದರು. “ಅಷ್ಟು ಹಳೆಯ ವಿಶ್ವವಿದ್ಯಾಲಯ ಇರೋ ಊರು! ಯಾರ್ಕ್‌ಶೈರಿನಲ್ಲಿ ಅದು ಒಂದು ಸಾಸು, ಒಂದು ಸಾಸೇಜು.”

ನನ್ನ ಭಾಷೆ ಕನ್ನಡ ಎಂದು ಮೊದಲ ದಿನ ಹೇಳಿದಾಗ ಅವರು ಕುರ್ಚಿಯಿಂದ ಎದ್ದೇಬಿಟ್ಟಿದ್ದರು. “ಕ್ಯಾನರೀಸ್! ಹಾಗಾದರೆ ನೀನು ನಮ್ಮ ಪೈಕಿ.” ಮಿಲನೀಸ್, ಜೆನೋಯೀಸ್, ಬೊಲೊನೀಸ್ ಇವುಗಳಿಗಿರುವ ‘ಈಸ್’ ಎಂಬ ಬಾಲವೇ ನಮಗೂ ಇದೆ, ಅದು ಬಂದರುಕಟ್ಟೆಯ ಬಾಲ, ಇಟಲಿಯವರು ತಮ್ಮವರಿಗೆ ಹಚ್ಚಿಕೊಂಡರು, ಮೆಣಸು ಕೊಳ್ಳಲು ಬಂದ ಪೋರ್ಚುಗೀಸರು ನಿಮಗೆ ಹಚ್ಚಿದರು, ಇಂಗ್ಲಿಷರು ಎರಡನ್ನೂ ಕೇಳದೆ ಎತ್ತಿಕೊಂಡರು ಎಂದರು. ನನಗೆ ಒಳಗೊಳಗೇ ಉರಿಯಿತು. ‘ಕ್ಯಾನರೀಸ್’ ಎನ್ನುವುದನ್ನು ನಾನು ನೋಡಿದ್ದು ತಾತನ ಹಳೆಯ ಪುಸ್ತಕಗಳ ಮೇಲೆ ಮಾತ್ರ. “ನಮ್ಮ ಹೆಸರನ್ನು ನಾವೇ ಸರಿಪಡಿಸಿಕೊಂಡಿದ್ದೇವೆ ಸರ್” ಎಂದೆ. “ಸರಿಪಡಿಸಿಕೊಳ್ಳೋಕೆ ಒಂದು ಹೆಸರಾದರೂ ಇತ್ತಲ್ಲ” ಎಂದರು. ಆ ಮಾತಿನ ಅರ್ಥ ಆಗ ಆಗಲಿಲ್ಲ, ಕೇಳಲೂ ಇಲ್ಲ.

ಎರಡನೆಯ ವರ್ಷದ ಚಳಿಗಾಲದಲ್ಲಿ ಒಂದು ದಿನ ಡಬ್ಬಿಗಳನ್ನು ಹೊರಲು ಸಹಾಯ ಮಾಡಿ ಅವರ ಮನೆಯವರೆಗೆ ಹೋದೆ. ಅಡುಗೆಮನೆಯಲ್ಲಿ ಟೀ ಕೊಟ್ಟರು. ಬಟ್ಟಲಿನ ಒಳಗೆ ಕಂದು ಕರೆ, ಕುಡಿದಂತೆ ಮಾಡಿ ಪಕ್ಕಕ್ಕಿಟ್ಟೆ. “ನಿಮ್ಮ ಅಪ್ಪ ಅಮ್ಮ ಯಾವ ಸೀಮೆಯವರು?” ಎಂದು ಕೇಳಿದೆ. ರೋಮಿನ ದಕ್ಷಿಣಕ್ಕಿರುವ ಗುಡ್ಡಗಾಡು. ಅಲ್ಲಿಂದ ಬಂದ ಅಪ್ಪ ಮ್ಯಾಂಚೆಸ್ಟರಿನ ಆ್ಯನ್ಕೋಟ್ಸ್‌ನಲ್ಲಿ ಗಾಡಿ ತಳ್ಳಿ ಐಸ್‌ಕ್ರೀಮು ಮಾರುತ್ತಿದ್ದರು. ಅಮ್ಮನಿಗೆ ಕೊನೆಯವರೆಗೂ ಇಂಗ್ಲಿಷ್ ಬರಲಿಲ್ಲ, ಪುಸ್ತಕದ ಇಟಾಲಿಯನ್ನೂ ಬರುತ್ತಿರಲಿಲ್ಲ, ತನ್ನ ಗುಡ್ಡದ ಮಾತೊಂದೇ.

“ಅದರ ಹೆಸರು?”

“ಚೊಚಾರೊ” ಎಂದರು. “ಅಲ್ಲಿಯವರು ಕಾಲಿಗೆ ಬಿಗಿದುಕೊಳ್ತಿದ್ದ ತೊಗಲಿನ ಚಪ್ಪಲಿಯಿಂದ ಬಂದದ್ದು. ಚಪ್ಪಲಿಯವರು ಅಂತ. ಬೇರೆಯವರು ಇಟ್ಟ ಹೆಸರು, ಪ್ರೀತಿಯಿಂದ ಇಟ್ಟದ್ದಲ್ಲ.”

ಅದರ ಚೀಟಿ ತೋರಿಸಿ ಎಂದೆ. ಇಲ್ಲ ಎಂದರು. ನಲವತ್ತು ವರ್ಷ ಹುಡುಕಿದರೂ ತೃಪ್ತಿಯಾಗುವಂಥದ್ದು ಸಿಕ್ಕಿರಲಿಲ್ಲವಂತೆ. ಯಾರೋ ಪ್ರವಾಸಿ ಇಟಾಲಿಯನ್ ಮಾತೆಂದು ಓರೆ ಅಕ್ಷರಗಳಲ್ಲಿ ಅಚ್ಚು ಹಾಕಿಸಿದ್ದು ಅವರಿಗೆ ಲೆಕ್ಕಕ್ಕಿಲ್ಲ. ಇಂಗ್ಲಿಷಿನವನೊಬ್ಬ ತನ್ನ ದಿನದ ಕೆಲಸದ ನಡುವೆ, ಇದು ನಮ್ಮ ಮಾತೇ ಎನ್ನುವ ಹಾಗೆ ಸಹಜವಾಗಿ ಬರೆದದ್ದು ಒಂದು ಬೇಕು. “ಬರಹದಲ್ಲಿ ಬಳಕೆಯ ದಾಖಲೆ ಇಲ್ಲ ಅಂದರೆ ಆ ಹೆಸರು ಇಂಗ್ಲಿಷಿನಲ್ಲಿ ಇಲ್ಲ. ಅದು ನಿಯಮ. ನಮ್ಮಮ್ಮನಿಗೋಸ್ಕರ ನಿಯಮ ಮುರಿಯೋಕಾಗತ್ತಾ?”

“ನೀವು ಆ ಮಾತು ಆಡ್ತೀರಾ?”

“ನಾನು ಮೇಷ್ಟ್ರು. ನಾನು ಆಡೋದು ಪುಸ್ತಕದ ಇಟಾಲಿಯನ್, ಟಸ್ಕನ್” ಎಂದು ಎದ್ದು ಬಟ್ಟಲು ತೊಳೆಯಲು ಹೋದರು. ಅವರ ಕಿವಿ ಕೆಂಪಾಗಿತ್ತು. ಜಗತ್ತಿನ ಹೆಸರುಗಳ ಮರ್ಯಾದೆಗಾಗಿ ಹೋರಾಡುವ ಮನುಷ್ಯ ತನ್ನ ತಾಯಿಯ ಮಾತಿಗೆ ನಾಚಿಕೊಳ್ಳುತ್ತಾನಲ್ಲ ಎಂದು ಬಸ್ಸಿನಲ್ಲಿ ಬರುವಾಗ ನನಗೆ ನಗು ಬಂತು. ನಗುವ ಯೋಗ್ಯತೆ ನನಗಿರಲಿಲ್ಲ.

ಈಗ ನನ್ನ ಕೆಲಸದ ವಿಷಯ ಹೇಳಬೇಕು, ಹೇಳಲು ಇಷ್ಟವಿಲ್ಲ. ಆಸ್ಪತ್ರೆಗಳಲ್ಲಿ ರೋಗಿಗಳ ವಿವರ ತುಂಬಿಡುವ ಸಾಫ್ಟ್‌ವೇರು ಮಾಡುವ ಒಂದು ಕಂಪನಿಯಲ್ಲಿ ನಾನಿದ್ದೆ. ಅದರಲ್ಲಿ ‘ರೋಗಿಯ ಭಾಷೆ’ ಎಂಬ ಒಂದು ಕಿಟಕಿ. ಹಳೆಯ ಕಾಲದಲ್ಲಿ ರಿಸೆಪ್ಷನ್ನಿನವರು ಅಲ್ಲಿ ಮನಸ್ಸಿಗೆ ಬಂದದ್ದನ್ನು ಟೈಪು ಮಾಡಬಹುದಿತ್ತು. ಉತ್ತರ ಇಂಗ್ಲೆಂಡಿನ ಎಲ್ಲ ಆಸ್ಪತ್ರೆಗಳ ಪಟ್ಟಿ ಒಟ್ಟು ಸೇರಿಸಿದಾಗ ನೂರಾರು ಹೆಸರು ಬಂದವು. ‘ಹೌದು’ ಎಂಬ ಭಾಷೆ ಇತ್ತು. ‘ಕಿವುಡು’ ಇತ್ತು. ‘ಮಗ ಮಾತಾಡ್ತಾನೆ’ ಇತ್ತು. ‘ಇಂಡಿಯನ್’ ಇತ್ತು, ‘ಇಂಡಿಯನ್ ಎರಡು’ ಇತ್ತು. ಕನ್ನಡ ಐದು ಬಗೆಯ ಸ್ಪೆಲ್ಲಿಂಗಿನಲ್ಲಿತ್ತು. ಈ ಕಸವನ್ನೆಲ್ಲ ಗುಡಿಸಿ, ಪರದೆಯ ಮೇಲೆ ಹಿಡಿಸುವಷ್ಟು ಚಿಕ್ಕ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಒಂದು ಮಂಗಳವಾರ ಮಧ್ಯಾಹ್ನ ಗುಡಿಸುತ್ತಾ ಹೋಗುವಾಗ ಆ ಹೆಸರು ಕಣ್ಣಿಗೆ ಬಿತ್ತು. ಚೊಚಾರೊ. ಮ್ಯಾಂಚೆಸ್ಟರಿನ ಒಂದು ಆಸ್ಪತ್ರೆಯಲ್ಲಿ ಯಾವಳೋ ಗುಮಾಸ್ತೆ ಯಾವತ್ತೋ ಟೈಪು ಮಾಡಿದ್ದಳು. ಪಕ್ಕದ ಟಿಪ್ಪಣಿಯಲ್ಲಿ, ‘ಮೀನು-ಚಿಪ್ಸ್ ಅಂಗಡಿಗೆ ಹೋಗಿ ಅಜ್ಜಿಯನ್ನು ಕೇಳಿ’ ಎಂದು ಬರೆದು ಒಂದು ಪೋಸ್ಟ್‌ಕೋಡ್ ಹಾಕಿದ್ದಳು. ಮೇಷ್ಟ್ರು ನಲವತ್ತು ವರ್ಷ ಹುಡುಕಿದ್ದು ಇದೇ ಅಲ್ಲವೇ: ಇಂಗ್ಲಿಷಿನವಳೊಬ್ಬಳು ತನ್ನ ದಿನದ ಕೆಲಸದ ನಡುವೆ ಸಹಜವಾಗಿ ಬರೆದದ್ದು! ನನ್ನ ಮೈ ಜುಮ್ಮೆಂದಿತು. ಶನಿವಾರ ಹೋಗಿ ಹೇಳಿದರೆ ಆ ಮುದುಕರು ಕುಣಿದುಬಿಡುತ್ತಾರೆ ಎಂದುಕೊಂಡೆ. ಆಮೇಲೆ ಆ ಭಾಷೆಗೆ ದುಭಾಷಿಯನ್ನು ಎಷ್ಟು ಸಲ ಕರೆಸಿದ್ದಾರೆ ಎನ್ನುವ ‘ಬಳಕೆ’ ಎಂಬ ಅಂಕಣ ನೋಡಿದೆ. ಒಂದು ಸಲ.

ಯಾವ ತತ್ವದ ಮೇಲೆ ಹೆಸರುಗಳನ್ನು ತೆಗೀತೀರಿ ಎಂದು ಮ್ಯಾನೇಜರ್ ಮೀಟಿಂಗಿನಲ್ಲಿ ಕೇಳಿದ. “ಬಳಕೆಯ ದಾಖಲೆ ಇಲ್ಲದ ಹೆಸರು ಇಲ್ಲದ ಹಾಗೇ” ಎಂದೆ. ಮೇಷ್ಟ್ರ ಮಾತನ್ನು ಅವರ ಹೆಸರು ಹೇಳದೆ ನನ್ನದೇ ಎನ್ನುವಂತೆ ಆಡಿದೆ. ಅವನಿಗೆ ಎಷ್ಟು ಹಿಡಿಸಿತೆಂದರೆ ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆದ. ಬೆರಳೆಣಿಕೆಯ ಬಳಕೆಯನ್ನೂ ಇಲ್ಲವೆಂದೇ ಹಿಡಿದು ನೇಪಲ್ಸಿನದು, ಸಿಸಿಲಿಯದು, ಸಾರ್ಡೀನಿಯಾದು, ಫ್ರಿಯುಲಿಯದು, ಚಪ್ಪಲಿಯವರದು, ಎಲ್ಲವನ್ನೂ ‘ಇಟಾಲಿಯನ್’ ಎಂಬ ಒಂದೇ ಚೀಲಕ್ಕೆ ಹಾಕಿ ಬಾಯಿ ಕಟ್ಟಿದೆ. ಟಿಪ್ಪಣಿಗಳೂ ಹೋದವು. ಕನ್ನಡವನ್ನೂ ನಾನೇ ತೆಗೆದು ‘ಇಂಡಿಯನ್, ಇತರೆ’ ಎಂಬಲ್ಲಿಗೆ ಸೇರಿಸಿದೆ. ಕೆಲಸ ಮುಗಿದ ದಿನ ಆಫೀಸಿನಲ್ಲಿ ಕೇಕು ತಂದಿದ್ದರು, ನಾನು ಎರಡು ತುಂಡು ತಿಂದೆ.

ಕನ್ನಡ ತೆಗೆದದ್ದಕ್ಕೆ ನನಗೆ ಬೇಸರವೂ ಆಗಿರಲಿಲ್ಲ, ಅದು ಇನ್ನೂ ಹೊಲಸು. ಬರ್ಮಿಂಗ್‌ಹ್ಯಾಮಿನ ಹತ್ತಿರದ ಟಿವಿಡೇಲ್ ಬಾಲಾಜಿ ದೇವಸ್ಥಾನಕ್ಕೆ ಹೋದಾಗ ಪ್ರಸಾದದ ಪುಳಿಯೋಗರೆ ತಿನ್ನುತ್ತಾ ನಮ್ಮವರ ಗುಂಪಿನಲ್ಲಿ ಅದನ್ನು ತಮಾಷೆಯಾಗಿ ಹೇಳಿದೆ. ಬರ್ಮಿಂಗ್‌ಹ್ಯಾಮಿನ ಹಿರಿಯ ಜಿಪಿ ಡಾಕ್ಟರೊಬ್ಬರು ನಕ್ಕರು. “ನಮಗ್ಯಾಕಮ್ಮಾ ಇಂಟರ್‌ಪ್ರಿಟರ್? ನಾವೇನು ಕಳ್ಳದಾರೀಲಿ ಲಾರಿ ಹತ್ತಿ ಬಂದವರಾ? ಅಪ್ಪ ಅಮ್ಮ ಬಂದಾಗ ನಾವೇ ಜೊತೆಗೆ ಹೋಗ್ತೀವಿ, ಫಾರ್ಮಲ್ಲಿ ಹಿಂದಿ ಅಂತ ಟಿಕ್ ಮಾಡಿ ಬರ್ತೀವಿ. ಮುಗೀತಲ್ಲ.” ಎಲ್ಲರೂ ತಲೆ ಆಡಿಸಿದರು, ನಾನೂ ಆಡಿಸಿದೆ. ನಮ್ಮ ಅಪ್ಪ ಅಮ್ಮಂದಿರಿಗೆ ಹಿಂದಿ ಬರುತ್ತದೆಯೇ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಬಳಕೆಯ ಅಂಕಣದಲ್ಲಿ ಕನ್ನಡ ಯಾಕೆ ಸೊನ್ನೆ ಎನ್ನುವುದಕ್ಕೆ ಅಷ್ಟು ಜನರೂ ಉತ್ತರವಾಗಿ ಎದುರಿಗೇ ಕೂತಿದ್ದರು.

ಶನಿವಾರ ಮೇಷ್ಟ್ರಿಗೆ ಹೇಳಲಿಲ್ಲ. ಹೇಳಿದರೆ ಅವರ ಮುಂದಿನ ಪ್ರಶ್ನೆ ‘ಎಲ್ಲಿ, ತೋರಿಸು’ ಎನ್ನುವುದೇ. ತೋರಿಸಲು ಏನು ಉಳಿಸಿದ್ದೆ? ಅದರ ಮುಂದಿನ ಶನಿವಾರವೂ ಹೇಳಲಿಲ್ಲ. ಆಮೇಲೆ ಹೇಳದೆ ಇರುವುದು ಅಭ್ಯಾಸವಾಯಿತು.

ಮಾರನೆಯ ಜನವರಿಯಲ್ಲಿ ಆಸ್ಪತ್ರೆಯಿಂದ ಫೋನು ಬಂತು. ಮೇಷ್ಟ್ರು ಬಸ್‌ಸ್ಟಾಪಿನಲ್ಲಿ ಕುಸಿದಿದ್ದರು, ಸ್ಟ್ರೋಕು. ಕೋಟಿನ ಜೇಬಿನಲ್ಲಿ ತರಗತಿಯವರ ಪಟ್ಟಿ ಇತ್ತು, ಮೊದಲ ನಂಬರು ನನ್ನದು. ಹೋಗಿ ನೋಡಿದರೆ ಬಲಗೈ ಹಾಸಿಗೆಯ ಮೇಲೆ ಸುಮ್ಮನೆ ಬಿದ್ದಿತ್ತು, ಬಾಯಿ ಒಂದು ಕಡೆ ಜೋತಿತ್ತು. ಆದರೆ ಮಾತಾಡುತ್ತಿದ್ದರು, ನಿಲ್ಲಿಸದೆ ಮಾತಾಡುತ್ತಿದ್ದರು. ಇಂಗ್ಲಿಷಲ್ಲ, ನಾವು ಆಡಿದ ಇಂಗ್ಲಿಷೂ ಅವರಿಗೆ ತಲುಪುತ್ತಿರಲಿಲ್ಲ. ಎರಡು ವರ್ಷ ಅವರೇ ಕಲಿಸಿದ ಇಟಾಲಿಯನ್ನಿನ ಒಂದು ಮಾತೂ ಅದರಲ್ಲಿ ನನಗೆ ಸಿಗಲಿಲ್ಲ. ನನ್ನ ಮುಖವನ್ನೇ ನೋಡಿ, ಏನನ್ನೋ ಬಹಳ ವಿನಯದಿಂದ ಕೇಳಿ, ಉತ್ತರಕ್ಕೆ ಕಾದು, ಮತ್ತೆ ಕೇಳುತ್ತಿದ್ದರು.

“ಹೀಗೇ ಒಂದೇ ಸಮ ಬಡಬಡಿಸ್ತಾರೆ, ಪಾಪ” ಎಂದಳು ನರ್ಸು. “ಫೈಲಲ್ಲಿ ಇಟಾಲಿಯನ್ ಅಂತಿದೆ. ಎರಡು ಸಲ ಫೋನಲ್ಲಿ ಇಂಟರ್‌ಪ್ರಿಟರ್ ಹಿಡಿದ್ವಿ. ಆ ಲೇಡಿ ನಕ್ಕುಬಿಟ್ರು. ಇದು ಇಟಾಲಿಯನ್ ಅಲ್ಲ, ಏನೋ ಅರ್ಥವಿಲ್ಲದ್ದು ಅಂದ್ರು.”

ಅವಳ ಮುಂದಿನ ಪರದೆಯ ಮೇಲಿದ್ದದ್ದು ನಮ್ಮದೇ ಸಾಫ್ಟ್‌ವೇರು. ಭಾಷೆಯ ಕಿಟಕಿಯಲ್ಲಿ ಇಟಾಲಿಯನ್ ಆದ ಕೂಡಲೇ ಜಪಾನೀಸ್. ನಡುವೆ ಒಂದು ಕೂದಲೂ ಹಿಡಿಸದಷ್ಟು ಚೊಕ್ಕಟವಾಗಿ ಗುಡಿಸಿದ್ದೆ. ಕೆಳಗಿನ ಷರಾ ಓದಿದೆ: ಗೊಂದಲದ ಮಾತು, ತಿಳಿವಳಿಕೆ ಉಳಿದಂತಿಲ್ಲ, ವ್ಯಾಯಾಮ ಚಿಕಿತ್ಸೆಗೆ ಸ್ಪಂದಿಸುತ್ತಿಲ್ಲ. ಮರೆವಿನ ರೋಗಿಗಳ ಬೀಗ ಹಾಕಿದ ಮನೆಯೊಂದಕ್ಕೆ ಕಳಿಸುವ ಮಾತು ಆಗಲೇ ನಡೆದಿತ್ತು. ಅಲ್ಲಿಗೆ ಹೋದವರು ವಾಪಸು ಬರುವುದಿಲ್ಲ.

ಆ ಸಂಜೆ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ.

“ಹಾಗಾಗೋದುಂಟು ಕಣೆ” ಎಂದರು. “ಸ್ಟ್ರೋಕ್ ಆದ್ಮೇಲೆ ಕೆಲವರಿಗೆ ಒಂದು ಭಾಷೆ ಹೋಗಿ ಇನ್ನೊಂದು ಉಳಿದಿರತ್ತೆ. ಚಿಕ್ಕಂದಿನದೇ ಉಳೀಬೇಕು ಅಂತಿಲ್ಲ, ಆದ್ರೆ ಉಳೀಬಹುದು. ಅದು ಗೊತ್ತಿರೋರು ಯಾರಾದ್ರೂ ಬಂದು ಮಾತಾಡ್ಸಿ ನೋಡ್ಬೇಕು. ನಿಮ್ಮ ಸಿಸ್ಟಮ್‌ನಲ್ಲಿ ಲಿಸ್ಟ್ ಇರತ್ತಲ್ಲ, ಹುಡುಕು.”

“ಇತ್ತು.”

“ಇತ್ತು ಅಂದ್ರೆ?”

ನಾನು ಅವರ ಅನ್ನಕ್ಕೆ ಇನ್ನೊಂದು ಸೌಟು ಸಾರು ಹಾಕಿದೆ. ಅವರು ಕೇಳಿರಲಿಲ್ಲ.

ಹಳೆಯ ಪಟ್ಟಿಯ ಪ್ರತಿ ಆಫೀಸಿನ ಕಡತದಲ್ಲಿ ಇತ್ತು. ತೆರೆದರೆ ಯಾರು, ಯಾಕೆ ತೆರೆದರು ಎಂದು ದಾಖಲಾಗುತ್ತದೆ, ಮ್ಯಾನೇಜರ್ ಕೇಳುತ್ತಾನೆ, ಹೇಳಬೇಕಾಗುತ್ತದೆ. ಇಷ್ಟಕ್ಕೇ ಹೆದರಿ ಹನ್ನೆರಡು ದಿನ ಸುಮ್ಮನಿದ್ದೆ. ಹನ್ನೆರಡು ದಿನ. ನಡುವೆ ಮೂರು ಸಲ ಆಸ್ಪತ್ರೆಗೆ ಹೋಗಿ, ಹೂವು ಇಟ್ಟು, ಅವರು ಕೇಳಿದ್ದಕ್ಕೆಲ್ಲ ಹೂಂ ಹೂಂ ಎಂದು ತಲೆಯಾಡಿಸಿ ಬಂದೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಥೂ ಎನ್ನಿಸುತ್ತದೆ. ಬೇರೆ ಯಾವ ಒಳ್ಳೆಯ ಪದವನ್ನೂ ಹುಡುಕುವುದಿಲ್ಲ.

ಕೊನೆಗೆ ಬೀಗದ ಮನೆಗೆ ಕಳಿಸುವ ದಿನ ನಿಗದಿಯಾಯಿತು ಎಂದು ನರ್ಸು ಹೇಳಿದ ಮೇಲೆ ಕಡತ ತೆರೆದೆ. ಪೋಸ್ಟ್‌ಕೋಡ್ ಹಿಡಿದು ಮರುದಿನವೇ ಮ್ಯಾಂಚೆಸ್ಟರಿಗೆ ಹೋದೆ. ಮೀನು-ಚಿಪ್ಸ್ ಅಂಗಡಿ ಈಗ ಮೊಬೈಲ್ ರಿಪೇರಿ ಅಂಗಡಿಯಾಗಿತ್ತು. ಅದರ ಸರ್ದಾರ್ಜಿ ಬೆರಳನ್ನು ಮೇಲಕ್ಕೆ ತೋರಿಸಿದರು. ಅಂಗಡಿ ಮಾರಿದ ಅಜ್ಜಿ ಮೇಲಿನ ಮನೆಯನ್ನು ಮಾತ್ರ ಬಿಟ್ಟಿರಲಿಲ್ಲ. ಹತ್ತಿ ಗಿರಣಿಯ ಕೆಲಸಕ್ಕೆಂದು ಹದಿನೆಂಟನೆಯ ವಯಸ್ಸಿನಲ್ಲಿ ಬಂದವರು, ಈಗ ಎಂಬತ್ತು ದಾಟಿತ್ತು, ಕುಳ್ಳಗೆ ಗಟ್ಟಿಯಾಗಿದ್ದರು. ನಾನು ಬಂದ ಕಾರಣ ಹೇಳಿದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ನನ್ನ ಮಾತು ಯಾರಿಗೆ ಬೇಕಾಗಿದೆ? ನನ್ನ ಮೊಮ್ಮಕ್ಕಳಿಗೇ ಬೇಡ” ಎಂದರು. ಆದರೆ ಅನ್ನುತ್ತಲೇ ಕೋಟಿಗೆ ಕೈ ಹಾಕಿದ್ದರು.

ವಾರ್ಡಿನಲ್ಲಿ ಅಜ್ಜಿ ಕುರ್ಚಿ ಎಳೆದುಕೊಂಡು ಕೂತು ನಾಲ್ಕು ಮಾತು ಆಡಿದರು. ಮೇಷ್ಟ್ರ ಬಡಬಡಿಕೆ ಥಟ್ಟನೆ ನಿಂತಿತು. ಅವರು ಅಜ್ಜಿಯ ಬಾಯಿಯನ್ನೇ ನೋಡಿದರು. ಆಮೇಲೆ ನಿಧಾನವಾಗಿ, ಒಂದೊಂದೇ ಮಾತಾಗಿ, ನನಗೆ ಇಷ್ಟು ದಿನ ಹೇಳುತ್ತ ಬಂದದ್ದನ್ನೇ ಹೇಳಿದರು. ಅಷ್ಟು ಹೊತ್ತಿಗೆ ನನಗೆ ಅದರ ರಾಗ ಬಾಯಿಪಾಠವಾಗಿತ್ತು.

ಅಜ್ಜಿಯ ಮುಖ ಕಿವುಚಿಕೊಂಡಿತು. ನರ್ಸಿನ ಕಡೆಗೆ ತಿರುಗಿದರು. “ಒದ್ದೆಯಾಗಿದೆ ಅಂತಿದ್ದಾರೆ. ‘ಕ್ಷಮಿಸಿ ತಾಯಿ, ನಿಮಗೆ ತೊಂದರೆ ಇಲ್ಲದಿದ್ದರೆ ಮೂತ್ರದ ಬಾಟಲಿ ಕೊಡ್ತೀರಾ, ಹಾಸಿಗೆ ಒದ್ದೆಯಾಗಿದೆ’ ಅಂತ. ದೊಡ್ಡ ಮನೆತನದ ಹೆಂಗಸರ ಹತ್ತಿರ ಕೇಳೋ ಹಾಗೆ ಕೇಳ್ತಿದ್ದಾರೆ. ಎಷ್ಟು ದಿನದಿಂದ ಇದನ್ನು ಕೇಳ್ತಿದ್ದಾರೆ?”

ನರ್ಸು ಹೊದಿಕೆ ಎತ್ತಿದಳು. ಬೆನ್ನಿನ ಕೆಳಗೆ ಚರ್ಮ ಕೆಂಪಗೆ ಸುಲಿದಿತ್ತು, ವಾಸನೆ ಬಂತು. “ಓ, ಬ್ಲೆಸ್ ಹಿಮ್” ಎಂದಳು. ಪಾಪ ಎನ್ನುವುದಕ್ಕೆ ಇಲ್ಲಿ ಹಾಗೆ ಹೇಳುತ್ತಾರೆ. ಅವಳು ಕೆಟ್ಟವಳಲ್ಲ, ಹೊತ್ತು ಹೊತ್ತಿಗೆ ಬಂದು ಬದಲಿಸುತ್ತಿದ್ದಳು, ಅವಳಿಗೆ ಹದಿನಾಲ್ಕು ಹಾಸಿಗೆ. ಆದರೆ ಆ ಮಾತು ಕೇಳಿ ನನಗೆ ವಾಕರಿಕೆ ಬಂತು, ಅವಳ ಮೇಲಲ್ಲ. ಕರವಸ್ತ್ರದ ಹನಿಗೆ ಮುಖ ತಿರುಗಿಸುತ್ತಿದ್ದವಳು ನಾನು, ಕರೆಗಟ್ಟಿದ ಬಟ್ಟಲಿನ ಟೀ ಕುಡಿಯದವಳು ನಾನು. ಹೋದ ನಾಲ್ಕು ಸಲವೂ ಆ ಮುದುಕರು ನನ್ನ ಮುಖ ನೋಡಿ ‘ಕ್ಷಮಿಸಿ ತಾಯಿ’ ಎಂದು ಬೇಡಿಕೊಂಡಿದ್ದರು, ನಾನು ಹೂಂ ಎಂದು ತಲೆಯಾಡಿಸಿ ಕಾರಿಗೆ ಹೋಗಿದ್ದೆ.

ಮೇಷ್ಟ್ರು ಬೀಗದ ಮನೆಗೆ ಹೋಗಲಿಲ್ಲ, ಅಷ್ಟು ಮಾತ್ರ ಆಯಿತು. ಡಾಕ್ಟರು ಅಜ್ಜಿಯನ್ನು ಕೂರಿಸಿಕೊಂಡು ಮತ್ತೆ ಪರೀಕ್ಷೆ ಮಾಡಿದರು. ತಿಳಿವಳಿಕೆ ಎಲ್ಲಿಗೂ ಹೋಗಿರಲಿಲ್ಲ. ತನ್ನ ಮನೆಗೆ ಹೋಗಬೇಕು ಎಂದು ಮೇಷ್ಟ್ರು ಹೇಳಿದರು. ಮೆಟ್ಟಿಲು ಹತ್ತಲಾಗದು ಎಂದು ಡಾಕ್ಟರು ಹೇಳಿದ್ದನ್ನು ಅಜ್ಜಿ ಅವರಿಗೆ ತಿಳಿಸಿದರು. ಸ್ವಲ್ಪ ಹೊತ್ತು ಅತ್ತು, ಒಪ್ಪಿಕೊಂಡರು. ಮ್ಯಾಂಚೆಸ್ಟರಿನಲ್ಲಿ ಅಜ್ಜಿಯ ಮನೆಗೆ ಎರಡು ಸ್ಟಾಪು ದೂರದ ಒಂದು ವೃದ್ಧರ ಮನೆಯಲ್ಲಿ ಜಾಗ ಸಿಕ್ಕಿತು. ಅಜ್ಜಿ ವಾರಕ್ಕೆ ಮೂರು ದಿನ ಹೋಗಿ ಅಲ್ಲಿಯ ನರ್ಸುಗಳಿಗೆ ಬಾಟಲಿ, ನೀರು, ನೋವು, ಕಿಟಕಿ, ಸಾಕು ಎನ್ನುವ ಐದು ಮಾತು ಕಲಿಸಿದರು. ನಾನು ಮ್ಯಾನೇಜರಿಗೆ ಎಲ್ಲ ಹೇಳಿ ಕಿತ್ತ ಹೆಸರುಗಳನ್ನು ವಾಪಸು ಹಾಕಿಸಿದೆ, ಕನ್ನಡವನ್ನೂ ಸೇರಿಸಿ. ಅವನು ಆಗಲಿ ಎಂದು ತನ್ನ ಕೆಲಸಕ್ಕೆ ತಿರುಗಿದ. ಅಷ್ಟಕ್ಕೆ ಹೆದರಿ ನಾನು ಹನ್ನೆರಡು ದಿನ ಕಳೆದಿದ್ದೆ.

ಮೇಷ್ಟ್ರಿಗೆ ಹೇಳುವುದು ಬಾಕಿ ಇತ್ತು. ಏಪ್ರಿಲಿನ ಒಂದು ಶನಿವಾರ ಕಿತ್ತಳೆ ಹಣ್ಣು ತೆಗೆದುಕೊಂಡು ಹೋದೆ. ಅಜ್ಜಿ ಅಲ್ಲಿಯೇ ಇದ್ದರು. ಇದನ್ನು ಅವರಿಗೆ ಹೇಳಿ ಎಂದು ಕೇಳಿಕೊಂಡು ಶುರು ಮಾಡಿದೆ. ನೀವು ಹುಡುಕುತ್ತಿದ್ದ ಹೆಸರು ನನಗೆ ಸಿಕ್ಕಿತ್ತು. ಇಂಗ್ಲಿಷಿನವಳೊಬ್ಬಳು ಬರೆದಿದ್ದಳು. ನಿಮ್ಮ ಮಾತನ್ನೇ ಬಳಸಿ ನಾನು ಅದನ್ನು ಅಳಿಸಿದೆ. ಅಳಿಸಿದ್ದರಿಂದಲೇ ನಿಮ್ಮ ಮಾತು ಯಾರಿಗೂ ತಿಳಿಯಲಿಲ್ಲ. ಗೊತ್ತಾದ ಮೇಲೂ ಹೆದರಿ ಸುಮ್ಮನಿದ್ದೆ. ಹೇಳುತ್ತಲೇ ಅಳು ಬಂತು. ಅಜ್ಜಿ ನನ್ನನ್ನೇ ನೋಡುತ್ತ ಕೇಳಿಸಿಕೊಂಡರು. ಆಮೇಲೆ ಮೇಷ್ಟ್ರ ಕಡೆ ಬಾಗಿ ಬಹಳ ಹೊತ್ತು ಮಾತಾಡಿದರು.

ಮೇಷ್ಟ್ರು ಪೂರ್ತಿ ಕೇಳಿದರು. ಎಡಗೈಯನ್ನು ಎತ್ತಿ ನನ್ನ ಕೈಯ ಮೇಲೆ ಇಟ್ಟರು. ಕಣ್ಣು ತುಂಬಿತ್ತು. ಏನೋ ಹೇಳಿದರು.

“ನೀನು ಒಳ್ಳೆಯವಳು ಅಂತಿದ್ದಾರೆ” ಎಂದರು ಅಜ್ಜಿ. “ಮನಸ್ಸಿಗೆ ಹಚ್ಚಿಕೋಬೇಡ ಅಂತಿದ್ದಾರೆ.”

ನಾನು ಆ ಕೈಗೆ ಹಣೆ ಹಚ್ಚಿ ಅತ್ತೆ. ಎಷ್ಟೋ ತಿಂಗಳ ಮೇಲೆ ಹಗುರಾಗಿ ಉಸಿರಾಡಿದೆ. ಅಜ್ಜಿಯನ್ನು ಮನೆಗೆ ಬಿಡಲು ಹೋಗುವಾಗ ಕಾರಿನಲ್ಲಿ ಏನೇನೋ ಹರಟಿದೆ, ನಗಿಸಲೂ ನೋಡಿದೆ. ಅಜ್ಜಿ ಮೊಬೈಲ್ ಅಂಗಡಿಯ ಮುಂದೆ ಇಳಿದು, ಬಾಗಿಲು ಹಾಕುವ ಮೊದಲು ಒಳಗೆ ಬಗ್ಗಿದರು.

“ನೀನು ಹೇಳಿದ್ದನ್ನು ನಾನು ಅವರಿಗೆ ಹೇಳಲಿಲ್ಲ” ಎಂದರು. “ಸಾಯೋ ಕಾಲದಲ್ಲಿ ಅವರಿಗೆ ಅದು ಯಾಕೆ? ನಿನ್ನ ಹೊಟ್ಟೆ ಹಗುರ ಮಾಡಿಕೊಳ್ಳೋಕೆ ನನ್ನ ಬಾಯಿ ಬೇಕಿತ್ತಾ?”

“ಮತ್ತೆ ಅಷ್ಟು ಹೊತ್ತು ಏನು ಹೇಳಿದಿರಿ?”

“ಲೀಡ್ಸಿನಿಂದ ನಿಮಗೋಸ್ಕರ ಕಿತ್ತಳೆ ತಂದಿದ್ದಾಳೆ, ದಾರಿಯಲ್ಲಿ ಟ್ರಾಫಿಕ್ಕಿತ್ತಂತೆ, ಹಣ್ಣು ಸ್ವಲ್ಪ ನಲುಗಿದೆ ಅಂತ ಬೇಜಾರು ಮಾಡಿಕೊಂಡು ಅಳ್ತಿದ್ದಾಳೆ ಅಂದೆ.”

ಗುರುವಾರ ಬೆಳಿಗ್ಗೆ ಮೇಷ್ಟ್ರು ತೀರಿಕೊಂಡರು. ನನ್ನ ಕೈಯ ಮೇಲೆ ಅವರು ಕೈಯಿಟ್ಟದ್ದು ನಲುಗಿದ ಹಣ್ಣಿಗೆ.